ಪುಟ ಒಂದೇ, ಲೆಕ್ಕ ಹಲವು: ಪಿಕ್ಸೆಲ್ ಜೋಡಿಸುವುದು ಹೇಗೆ?

ಪರಿಚಯದವರೊಬ್ಬರ ಸೀರೆ ಅಂಗಡಿಯ ವೆಬ್‌ಸೈಟಿಗೆ ಒಂದು ದಿನ 9 ಆರ್ಡರ್ ಬಂದಿದ್ದವು. ಇನ್‌ಸ್ಟಾಗ್ರಾಂ ಜಾಹೀರಾತಿನ ಲೆಕ್ಕ ಮಾತ್ರ 23 ಎನ್ನುತ್ತಿತ್ತು. ಮಾಲೀಕರಿಗೆ ಖುಷಿ, ನನಗೆ ಅನುಮಾನ. ಹುಡುಕಿದಾಗ ಗೊತ್ತಾಯಿತು: ಆರ್ಡರ್ ನಂಬರ್ ನೋಡಿಕೊಳ್ಳಲು ಗ್ರಾಹಕರು ‘ನಿಮ್ಮ ಆರ್ಡರ್ ಆಗಿದೆ’ ಪುಟವನ್ನು ಮತ್ತೆ ತೆರೆದಾಗಲೆಲ್ಲ ಇನ್ನೊಂದು ಖರೀದಿ ದಾಖಲಾಗುತ್ತಿತ್ತು. ಆ ಕೋಡ್ ಬರೆದವನು ನಾನೇ.

ಪಿಕ್ಸೆಲ್ ಎಂದರೆ ಮೂಲತಃ ಕಣ್ಣಿಗೆ ಕಾಣದ, 1×1 ಅಳತೆಯ ಪಾರದರ್ಶಕ ಚಿತ್ರ. ಬ್ರೌಸರ್ ಆ ಚಿತ್ರವನ್ನು ಕೇಳುವಾಗ ಯಾವ ಪುಟ, ಏನು ನಡೆಯಿತು ಎಂಬ ಮಾಹಿತಿಯೂ ಜೊತೆಗೆ ಜಾಹೀರಾತು ಕಂಪನಿಗೆ ಹೋಗುತ್ತದೆ. ಈಗ ಅದರ ಜಾಗದಲ್ಲಿ ಪುಟ್ಟ ಜಾವಾಸ್ಕ್ರಿಪ್ಟ್ ಇದೆ. ಹಳೆಯ ಕಾಲದ ವೆಬ್‌ಸೈಟುಗಳಲ್ಲಿ ಪ್ರತಿ ಕ್ಲಿಕ್ಕಿಗೂ ಹೊಸ ಪುಟ ಲೋಡ್ ಆಗುತ್ತಿದ್ದುದರಿಂದ ಸ್ಕ್ರಿಪ್ಟೂ ಹೊಸದಾಗಿ ಓಡುತ್ತಿತ್ತು. ರಿಯಾಕ್ಟ್, ವ್ಯೂ, ಆಂಗ್ಯುಲರ್ ಎಂಬ ಜಾವಾಸ್ಕ್ರಿಪ್ಟ್ ಸಾಧನಗಳಲ್ಲಿ ಕಟ್ಟಿದ ಆ್ಯಪ್‌ಗಳಲ್ಲಿ ಪುಟ ಲೋಡ್ ಆಗುವುದು ಒಮ್ಮೆ ಮಾತ್ರ; ಆಮೇಲೆ ಒಳಗಿನದಷ್ಟೇ ಬದಲಾಗುತ್ತದೆ, ಸ್ಕ್ರಿಪ್ಟ್ ಮತ್ತೆ ಓಡುವುದಿಲ್ಲ. ಮದುವೆ ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಗೆ ಯಾರು ಬಂದರೆಂದು ಗೊತ್ತು. ಯಾರು ಊಟಕ್ಕೆ ಕೂತರು, ಯಾರು ಮುಯ್ಯಿ ಮಾಡಿದರು ಎಂಬುದು ಅವಳಿಗೆ ಹೇಗೆ ತಿಳಿಯಬೇಕು?

ಮೊದಲ ಹೆಜ್ಜೆ ಸುಲಭ. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಕಂಪನಿಯಾದ ಮೆಟಾ ಕೊಡುವ ಪಿಕ್ಸೆಲ್‌ನ ಮೂಲ ಕೋಡನ್ನು ಇಂಡೆಕ್ಸ್ ಎಚ್‌ಟಿಎಂಎಲ್ ಕಡತದ ಹೆಡ್ ಭಾಗದಲ್ಲಿ ಒಂದೇ ಸಲ ಹಾಕಿ. ಕಾಂಪೊನೆಂಟ್ (ಪುಟದ ಒಂದೊಂದು ತುಂಡನ್ನು ತೋರಿಸುವ ಕೋಡ್) ಒಳಗೆ ಹಾಕಬೇಡಿ.

ಎರಡನೆಯದರಲ್ಲೇ ಹೆಚ್ಚಿನವರು ಎಡವುವುದು. ಪುಟ ಬದಲಾದದ್ದನ್ನು ಎಣಿಸುವವರು ಯಾರು? ವಿಳಾಸ ಬದಲಿಸಲು ಆ್ಯಪ್ ಪುಶ್‌ಸ್ಟೇಟ್ (ಪುಟ ಲೋಡ್ ಮಾಡದೆ ವಿಳಾಸ ಬದಲಿಸುವ ಬ್ರೌಸರ್ ಸೌಲಭ್ಯ) ಬಳಸಿದರೆ ಮೆಟಾ ಪಿಕ್ಸೆಲ್ ಅದನ್ನು ತಾನಾಗಿಯೇ ಗಮನಿಸಿ ಪೇಜ್‌ವ್ಯೂ (ಪುಟ ನೋಡಿದ ದಾಖಲೆ) ಕಳಿಸುತ್ತದೆ. ಇದು ತಿಳಿಯದೆ ನಾವೂ ರೂಟರ್‌ನಲ್ಲಿ (ವಿಳಾಸಕ್ಕೆ ತಕ್ಕ ಪುಟ ತೋರಿಸುವ ಭಾಗ) ಬರೆದರೆ ಒಂದಕ್ಕೆ ಎರಡು. ನಾನಂತೂ ತಾನಾಗಿ ಎಣಿಸುವುದನ್ನು ನಿಲ್ಲಿಸುತ್ತೇನೆ: ಪಿಕ್ಸೆಲ್ ಶುರು ಮಾಡುವ ಇನಿಟ್ ಸಾಲಿಗಿಂತ ಮೊದಲೇ ಡಿಸೇಬಲ್‌ಪುಶ್‌ಸ್ಟೇಟ್ ಅನ್ನು ಟ್ರೂ ಮಾಡಿದರೆ ಸಾಕು. ಏಕೆಂದರೆ ಗ್ರಾಹಕರು ಬಣ್ಣ, ಬೆಲೆ ಎಂದು ಫಿಲ್ಟರ್ ಒತ್ತಿದಾಗಲೂ ವಿಳಾಸ ಬದಲಾಗಬಹುದು. ಅದು ಹೊಸ ಪುಟವಲ್ಲ. ಗೂಗಲ್‌ನ ಎಣಿಕೆ ಸಾಧನವಾದ ಅನಲಿಟಿಕ್ಸ್ 4ರಲ್ಲೂ ಬ್ರೌಸರ್ ಹಿಸ್ಟರಿ ನೋಡಿ ಪುಟ ಎಣಿಸುವ ಆಯ್ಕೆ ಇದೆ. ನೀವೇ ಕಳಿಸುವುದಾದರೆ ಅದನ್ನೂ ಆಫ್ ಮಾಡಿ.

ಆಮೇಲೆ ರೂಟರ್‌ನಲ್ಲಿ ಒಂದೇ ಕಡೆ ಪೇಜ್‌ವ್ಯೂ ಕಳಿಸಿ. ರಿಯಾಕ್ಟ್‌ನಲ್ಲಿ ಯೂಸ್‌ಲೊಕೇಶನ್ ಕೊಡುವ ಪಾಥ್‌ನೇಮ್ ಬದಲಾದಾಗ, ವ್ಯೂನಲ್ಲಿ ಆಫ್ಟರ್‌ಈಚ್‌ನಲ್ಲಿ, ಆಂಗ್ಯುಲರ್‌ನಲ್ಲಿ ನ್ಯಾವಿಗೇಶನ್‌ಎಂಡ್ ಬಂದಾಗ. ಮೂಲ ಕೋಡಿನಲ್ಲೂ ಒಂದು ಪೇಜ್‌ವ್ಯೂ ಸಾಲು ಇರುತ್ತದೆ, ಅದನ್ನು ಅಳಿಸಿ; ಇಲ್ಲದಿದ್ದರೆ ಮೊದಲ ಪುಟ ಎರಡು ಸಲ ಎಣಿಕೆಯಾಗುತ್ತದೆ. (ರಿಯಾಕ್ಟ್ 18ರ ಸ್ಟ್ರಿಕ್ಟ್‌ಮೋಡ್ ಎಂಬ ತಪ್ಪು ಹಿಡಿಯುವ ವ್ಯವಸ್ಥೆ, ಆ್ಯಪ್ ಕಟ್ಟುವ ಹಂತದಲ್ಲಿ ಮಾತ್ರ, ಪುಟ ತೋರಿಸಿದ ಮೇಲೆ ಓಡುವ ಎಫೆಕ್ಟ್ ಕೋಡುಗಳನ್ನು ಬೇಕೆಂದೇ ಎರಡು ಸಲ ಓಡಿಸುತ್ತದೆ. ಅದನ್ನು ಕಂಡು ಅರ್ಧ ರಾತ್ರಿ ಕಳೆದವರಲ್ಲಿ ನಾನೂ ಒಬ್ಬ.)

ಇನ್ನು ಖರೀದಿ. ಇದನ್ನು ಪುಟಕ್ಕೆ ಕಟ್ಟಬೇಡಿ, ಹಣ ಬಂದ ಘಟನೆಗೆ ಕಟ್ಟಿ. ಪಾವತಿ ಯಶಸ್ವಿ ಎಂಬ ಉತ್ತರ ಸರ್ವರ್‌ನಿಂದ ಬಂದಾಗ ಪರ್ಚೇಸ್ ಕಳಿಸಿ. ಮೊತ್ತ 2450 ಎಂದು ಬರೀ ಅಂಕಿಯಲ್ಲಿ, ಕರೆನ್ಸಿ ಐಎನ್‌ಆರ್. ಕಳಿಸಿದ ಆರ್ಡರ್ ನಂಬರನ್ನು ಬ್ರೌಸರ್‌ನ ನೆನಪಾದ ಲೋಕಲ್‌ಸ್ಟೋರೇಜ್‌ನಲ್ಲಿ ಬರೆದಿಟ್ಟು, ಅದೇ ನಂಬರ್ ಮತ್ತೆ ಬಂದರೆ ಸುಮ್ಮನಿರುವಂತೆ ಮಾಡಿ. ನನ್ನ 23ರ ಕಾಯಿಲೆಗೆ ಮದ್ದು ಇದೇ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಗ್ರಾಹಕರು ಯುಪಿಐ ಆ್ಯಪ್‌ಗೆ ಹೋಗಿ ಹಣ ಕಟ್ಟಿ, ಬ್ರೌಸರ್‌ಗೆ ವಾಪಸ್ ಬರುವುದೇ ಇಲ್ಲ. ಅಂಥವು ಬ್ರೌಸರ್ ಪಿಕ್ಸೆಲ್‌ಗೆ ಸಿಗುವುದಿಲ್ಲ. ಅದಕ್ಕಾಗಿ ಸರ್ವರ್‌ನಿಂದಲೂ ಮೆಟಾದ ಕನ್ವರ್ಶನ್ಸ್ ಎಪಿಐ ಎಂಬ ದಾರಿಯ ಮೂಲಕ ಕಳಿಸಬೇಕು. ಎರಡೂ ಕಡೆ ಘಟನೆಯ ಹೆಸರು, ಐಡಿ ಒಂದೇ ಇದ್ದರೆ ಮೆಟಾ ಎರಡನ್ನೂ ಸೇರಿಸಿ ಒಂದೆಂದೇ ಎಣಿಸುತ್ತದೆ. ಐಡಿಗೆ ಆರ್ಡರ್ ನಂಬರನ್ನೇ ಕೊಡಿ.

ಒಪ್ಪಿಗೆಯ ವಿಷಯ ಮರೆಯಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುವ ಅಂಶವೂ ಇದೆ. ಇನಿಟ್‌ಗೆ ಮೊದಲೇ ಕನ್ಸೆಂಟ್ ರಿವೋಕ್ (ಒಪ್ಪಿಗೆ ಇಲ್ಲ) ಎಂದು ಹೇಳಿಟ್ಟು, ಗ್ರಾಹಕರು ಒಪ್ಪಿದ ಮೇಲೆ ಗ್ರಾಂಟ್ ಎನ್ನಿ. ಪಿಕ್ಸೆಲ್ ಜೊತೆ ಪುಟದ ಪೂರ್ತಿ ವಿಳಾಸವೂ ಹೋಗುತ್ತದೆ. ಪಾಸ್‌ವರ್ಡ್ ಬದಲಿಸುವ ಲಿಂಕ್‌ನ ಟೋಕನ್ (ಗುಟ್ಟಿನ ಸಂಕೇತ), ಮೊಬೈಲ್ ನಂಬರ್ ವಿಳಾಸದಲ್ಲಿದ್ದರೆ ಅವೂ ಹೋದಂತೆಯೇ.

ಕೊನೆಗೆ ಪರೀಕ್ಷೆ. ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ಫೇಸ್‌ಬುಕ್ ಎಂದು ಸೋಸಿ, ಆ್ಯಡ್ ಬ್ಲಾಕರ್ ಆಫ್ ಮಾಡಿ, ಗ್ರಾಹಕರಂತೆ ಓಡಾಡಿ. ಒಂದು ಪುಟಕ್ಕೆ ಒಂದೇ ಪೇಜ್‌ವ್ಯೂ ಕಾಣಬೇಕು. ಹಿಂದಕ್ಕೆ ಹೋಗುವ ಬಟನ್ನನ್ನೂ ಒತ್ತಿ ನೋಡಿ, ಆರ್ಡರ್ ಪುಟವನ್ನು ಮೂರು ಸಲ ರಿಫ್ರೆಶ್ ಮಾಡಿ.

ಸೀರೆ ಅಂಗಡಿಯಲ್ಲಿ ಮೊನ್ನೆ 11 ಆರ್ಡರ್, ಜಾಹೀರಾತಿನ ಲೆಕ್ಕದಲ್ಲಿ 8. ಉಳಿದ ಮೂವರು ಜಾಹೀರಾತು ನೋಡದೆ ನೇರವಾಗಿ ಬಂದವರು ಎಂದರೆ ಮಾಲೀಕರಿಗೆ ನಂಬಿಕೆಯಿಲ್ಲ. ಹಳೇ ಕೋಡೇ ಚೆನ್ನಾಗಿತ್ತು ಅನ್ನುತ್ತಾರೆ.