ಅಪ್ಪನ ಕೋವಿಯ ಮರ ಬಿಡಿಸಿದ್ದು

ನಮ್ಮ ಮನೆಯದ್ದು ಬಂಗಾಳದ ಇಶಾಪುರ ಬಂದೂಕು ಕಾರ್ಖಾನೆಯ .315 ರೈಫಲ್. ಅಪ್ಪನ ಕಾಲದ್ದು. ಪ್ರತಿ ವರ್ಷ ನಮ್ಮ ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಒರೆಸಿ, ತೋಕ್‌ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ. ಕಳೆದ ಮಳೆಗಾಲದಲ್ಲಿ ನೋಡಿದರೆ ವಾರ್ನಿಷ್ ಹಪ್ಪಳದ ಹಾಗೆ ಎದ್ದಿತ್ತು, ಒಳಗೆ ತೇವ ಹೋಗಿ ಮರ ಕಪ್ಪಾಗಿತ್ತು. ಸೆಪ್ಟೆಂಬರ್ 3ಕ್ಕೆ ಹಬ್ಬ. ಅಷ್ಟರೊಳಗೆ ಮುಗಿಸಬೇಕು ಅಂತ ಕೂತೆ.

ಮೊದಲು ಬೋಲ್ಟ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಬೆರಳಿಟ್ಟು ನೋಡಿದೆ. ಆಮೇಲೇ ಸ್ಕ್ರೂ. ಇದರಲ್ಲಿ ಮರ ಎರಡು ತುಂಡು. ಮುಂದಿನದನ್ನು ಬಿಚ್ಚಿಯೇ ಹಿಂದಿನ ಬಟ್ಟಿಗೆ, ಅಂದರೆ ಭುಜಕ್ಕೆ ಒತ್ತುವ ಮರಕ್ಕೆ, ಕೈ ಹಾಕಬೇಕು. ನಮ್ಮದೂ ಬ್ರಿಟಿಷ್ ಸೇನೆಯ ಲೀ ಎನ್‌ಫೀಲ್ಡ್ ರೈಫಲಿನ ಜಾತಿಯದೇ. ಆ ಜಾತಿಯ ಹಳೆ ಕೋವಿಗಳಲ್ಲಿ ಬಟ್ಟಿನೊಳಗಿನ ಉದ್ದ ತಿರುಪಿನ ತುದಿ ಮುಂದಿನ ಮರಕ್ಕೆ ಕಚ್ಚಿಕೊಂಡಿರುತ್ತದೆ. ಅದನ್ನು ಮೊದಲೇ ತಿರುಗಿಸಿದರೆ ಮರ ಸೀಳುತ್ತದೆ.

ಬಟ್ಟಿನ ತುದಿಯ ತಗಡಿನ ಕೆಳಗೆ, ಕಾಣದ ಜಾಗದಲ್ಲಿ, ಒಂದು ಹನಿ ಸ್ಪಿರಿಟ್ ಬಿಟ್ಟೆ. ಕರಗಲಿಲ್ಲ. ಥಿನ್ನರ್‌ಗೂ ಬಗ್ಗಲಿಲ್ಲ. ಅಂದರೆ ಅರಗಿನ ಪಾಲಿಶ್ ಅಲ್ಲ, ಪಾಲಿಯುರೆಥೇನ್ ಇರಬೇಕು. ಜಗಲಿಯಲ್ಲಿ ಗಾಳಿಗೆ ಕೂತು, ಕೈಗವಸು ಹಾಕಿ, ಪೇಂಟ್ ರಿಮೂವರ್ ದಪ್ಪಗೆ ಬಳಿದೆ. ಪದರ ಸುಕ್ಕಾದ ಮೇಲೆ ಹಳೆ ಎಟಿಎಂ ಕಾರ್ಡಿನಿಂದ ಕೆರೆದೆ. ಉಪ್ಪುಕಾಗದ ಮುಟ್ಟಲೇ ಇಲ್ಲ. ಮರ ಕೂದಲೆಳೆಯಷ್ಟು ಸವೆದರೂ ಕಬ್ಬಿಣದ ಅಂಚು ಎದ್ದು ಕಾಣುತ್ತದೆ.

ಕಷ್ಟ ಇದ್ದದ್ದು ಒಳಗೆ. ಹಿಂದೆ ಯಾರೋ ರಿಪೇರಿಯವರು ಕಬ್ಬಿಣ ಅಲುಗಾಡದೆ ಕೂರಲಿ ಅಂತ ಅದು ಕೂರುವ ಗುಳಿಯೊಳಗೆ ಎಪಾಕ್ಸಿ ಅಂಟು ಸುರಿದಿದ್ದರು. ತುಂಬಾ ಗುಳ್ಳೆ, ಒಂದು ಕಡೆ ಜಾಸ್ತಿ, ಒಂದು ಕಡೆ ಏನೂ ಇಲ್ಲ. ಒಣಗಿದ ಎಪಾಕ್ಸಿಗೆ ಥಿನ್ನರ್ ಹಾಕಿ ಪ್ರಯೋಜನ ಇಲ್ಲ, ಬಿಸಿಯೇ ಬೇಕು. ಸೋಲ್ಡರಿಂಗ್ ಕಡ್ಡಿಯನ್ನು ಅದರ ಮೇಲೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ಹಸಿ ಬೆಲ್ಲದಷ್ಟು ಮೆತ್ತಗಾಗುತ್ತದೆ. ಆಗ ಸಣ್ಣ ಉಳಿಯಿಂದ ಎಬ್ಬಿಸಬೇಕು. ಹೊಗೆ ಕೆಟ್ಟದ್ದು, ಮಾಸ್ಕ್ ಬೇಕೇ ಬೇಕು. ಗನ್ ಎಣ್ಣೆ ಕುಡಿದಿದ್ದ ಜಾಗದಲ್ಲಿ ಅಂಟು ಸರಿಯಾಗಿ ಹಿಡಿದೇ ಇರಲಿಲ್ಲ. ಅಲ್ಲಿ ಬೆರಳುದ್ದದ ಚಕ್ಕೆ ಒಂದೇ ಸಲ ಕಿತ್ತು ಬಂತು, ಅದರ ಮೇಲೆ ಕಬ್ಬಿಣದ ಅಚ್ಚು ಹಾಗೇ ಮೂಡಿತ್ತು. ಉಳಿದದ್ದಕ್ಕೆ ಮೂರು ಸಂಜೆ ಹಿಡಿಯಿತು. ಉಳಿಯ ಸದ್ದೇ ದಾರಿ ತೋರಿಸುತ್ತಿತ್ತು: ಎಪಾಕ್ಸಿ ಆದರೆ ಟಕ್ ಟಕ್, ಮರ ಸಿಕ್ಕಿದರೆ ಮೆತ್ತಗೆ. ಆ ಸದ್ದು ಬದಲಾದ ಕೂಡಲೇ ಕೈ ನಿಲ್ಲಿಸುತ್ತಿದ್ದೆ.

ಮುಂದಿನ ಮರದ ಹಿಂಬದಿಯಲ್ಲಿ ಕಬ್ಬಿಣಕ್ಕೆ ತಾಗುವ ಎರಡು ಪುಟ್ಟ ಮುಖಗಳಿವೆ, ಗುಂಡು ಹಾರಿದಾಗ ಮುಂದಿನ ಮರದ ಮೇಲೆ ಬೀಳುವ ಒದೆತ ತಡೆಯುವುದು ಅವೇ. ಅಲ್ಲಿ ತೆಳು ಪದರ ಗಟ್ಟಿಯಾಗಿ ಕೂತಿತ್ತು. ಅದನ್ನು ಬಿಟ್ಟುಬಿಟ್ಟೆ. ಅಲ್ಲಿ ಮರ ಕಡಿಮೆಯಾದರೆ ಕಬ್ಬಿಣ ಅಲುಗಾಡುತ್ತದೆ, ಮರ ಬಿರುಕು ಬಿಡುತ್ತದೆ.

ಕಪ್ಪು ಎಣ್ಣೆ ಕಲೆಗೆ ಸೀಮೆಸುಣ್ಣದ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ಮೆತ್ತಿದೆ. ಒಣಗುತ್ತಾ ಪುಡಿ ಕಂದಾಗುತ್ತದೆ, ಎಣ್ಣೆ ಮೇಲೆ ಬರುತ್ತದೆ. ನಾಲ್ಕು ಸಲ ಮಾಡಿದೆ. ನೆಗ್ಗಿದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಮರ ಉಬ್ಬಿ ಸಮ ಆಯಿತು. ಆಮೇಲೆ ಕುದಿಸಿದ ಅಗಸೆ ಎಣ್ಣೆ, ಅಂಗೈಯಿಂದ ತಿಕ್ಕಿ, ತೆಳ್ಳಗೆ. ನಮ್ಮ ಮಳೆಗೆ ಒಂದು ಕೋಟ್ ಒಣಗಲು ಮೂರು ದಿನ ಬೇಕಾಯಿತು. ಎಣ್ಣೆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರಡಿ ಒಣಗಿಸಿ.

ಹಬ್ಬದ ದಿನ ಕಾಯಿಗೆ ಗುರಿಯಿಟ್ಟು ಹೊಡೆಯುವ ಆಟದಲ್ಲಿ ನನ್ನ ಎರಡನೇ ಗುಂಡಿಗೇ ತೆಂಗಿನಕಾಯಿ ಒಡೆಯಿತು. ರಾತ್ರಿ ಮುಂದಿನ ಮರ ಬಿಚ್ಚಿ, ಟಾರ್ಚ್ ಹಿಡಿದು ನೋಡಿದೆ. ಆ ಎರಡು ಮುಖಗಳಲ್ಲಿ ಹೊಸ ಗೆರೆ ಒಂದೂ ಇರಲಿಲ್ಲ.