ಯಾಣದ ಬಂಡೆ ತೆಗೆದೆ, ಬಚ್ಚಲಿನ ಫೋಟೋ ಹಾಕಿದೆ

ಶಿರಸಿಯಿಂದ ಯಾಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಚಿಕ್ಕಪ್ಪನ ಹೋಮ್‌ಸ್ಟೇ ಇದೆ. ತೋಟದ ಮನೆ, ಮೂರು ಕೋಣೆ, ಎರಡು ಹೊತ್ತಿನ ಊಟ. ಜೊತೆಗೆ ಚಿಕ್ಕಮ್ಮನ ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು ಎಂಬ ಸಿಹಿತಿಂಡಿಯ ಮಾರಾಟ. ವೆಬ್‌ಸೈಟ್ ಹಿಂದೆಯೇ ಯಾರೋ ಮಾಡಿಕೊಟ್ಟಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗ ಮೊದಲು ಕೈ ಹಾಕಿದ್ದು ಫೋಟೋಗಳಿಗೆ.

ಪುಟ ತೆರೆದರೆ ಸಾಕು, ಸ್ಲೈಡ್‌ಶೋ ಓಡುತ್ತಿತ್ತು. ಯಾಣದ ಭೈರವೇಶ್ವರ ಶಿಖರ, ಉಂಚಳ್ಳಿ ಜಲಪಾತ, ಸಹಸ್ರಲಿಂಗ, ಮತ್ತೆ ಯಾಣ. ಅರ್ಧಕ್ಕರ್ಧ ಎಲ್ಲಿಂದಲೋ ಇಳಿಸಿಕೊಂಡ ಚಿತ್ರಗಳು. ಮನೆ ಎಲ್ಲಿದೆ ಎಂದು ಹುಡುಕಿದರೆ ಕೊನೆಯಲ್ಲಿ ಒಂದು ಮಸುಕು ಫೋಟೋ, ಅದರಲ್ಲೂ ಮುಕ್ಕಾಲು ಭಾಗ ಅಡಿಕೆ ಮರ. ಬೇರೆಯವರ ಫೋಟೋ ಅನುಮತಿ ಇಲ್ಲದೆ ಹಾಕುವುದು ಹಕ್ಕುಸ್ವಾಮ್ಯದ ತಕರಾರಿಗೆ ದಾರಿ. ಅದನ್ನು ಬದಿಗಿಟ್ಟರೂ ಲಾಭವಿಲ್ಲ. 120 ಮೀಟರ್ ಎತ್ತರದ ಆ ಬಂಡೆಯ ಸಾವಿರಾರು ಫೋಟೋ ಈಗಾಗಲೇ ಅಂತರ್ಜಾಲದಲ್ಲಿವೆ. ಆ ಸಾಲಿನಲ್ಲಿ ನಮ್ಮದು ಯಾವ ಮೂಲೆಯಲ್ಲಿ ಕಾಣಬೇಕು? ಕಂಡರೂ, ಬಂಡೆ ನೋಡಿ ಯಾರೂ ಕೋಣೆ ಬುಕ್ ಮಾಡುವುದಿಲ್ಲ.

ಹಾಗಾದರೆ ಏನು ಹಾಕಬೇಕು? ಉತ್ತರ ಚಿಕ್ಕಪ್ಪನ ಫೋನಿನಲ್ಲೇ ಇತ್ತು. ಬೆಂಗಳೂರು, ಹುಬ್ಬಳ್ಳಿಯವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಕಾರು ಅಂಗಳದವರೆಗೆ ಬರುತ್ತದೆಯೇ? ಕಮೋಡ್ ಇದೆಯೇ? ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಎಷ್ಟಿವೆ? ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಚ್ಚುತ್ತದೆಯೇ? ಕೊನೆಯದಕ್ಕೆ ಫೋಟೋ ಬೇಡ, ಕಚ್ಚುತ್ತದೆ ಎಂದು ಬರೆದರೆ ಸಾಕು. ಉಳಿದ ಪ್ರತಿ ಪ್ರಶ್ನೆಗೂ ಫೋಟೋ ತೆಗೆದೆ: ರಸ್ತೆಯಿಂದ ಅಂಗಳಕ್ಕೆ ಇಳಿಯುವ ತಿರುವು, ಕೋಣೆಯ ಬಾಗಿಲಿನ ಎದುರಿನ ಮೆಟ್ಟಿಲು, ಹಂಡೆಯ ಬಿಸಿನೀರಿನ ಬಚ್ಚಲು, ಪಕ್ಕದ ಹೊಸ ಶೌಚಾಲಯ. ಚಿಕ್ಕಮ್ಮನಿಗೆ ಇದು ಹಿಡಿಸಲಿಲ್ಲ. "ತಮಾ, ಬಚ್ಚಲ ಫೋಟೋ ಯಾರು ನೋಡ್ತ?" ಎಂದು ಕೇಳಿದಳು. ಎಲ್ಲರೂ ನೋಡುತ್ತಾರೆ ಚಿಕ್ಕಮ್ಮ, ಕೋಣೆಗಿಂತ ಮೊದಲು ಅದನ್ನೇ ನೋಡುತ್ತಾರೆ.

ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ ಮೊದಲ ಕೆಲಸ ಹೆಸರಿಡುವುದು. ಕ್ಯಾಮೆರಾ ಕೊಡುವ ಹೆಸರು 'ಐಎಂಜಿ' ಎಂದು ಶುರುವಾಗಿ ಅಂಕೆಗಳ ಸಾಲಿನಲ್ಲಿ ಮುಗಿಯುತ್ತದೆ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಚಿತ್ರದಲ್ಲಿ ಏನಿದೆ ಎಂದು ಊಹಿಸಲು ಗೂಗಲ್ ಫೈಲಿನ ಹೆಸರು, ಆಲ್ಟ್ ಪಠ್ಯ (ಇದರ ವಿಷಯ ಮುಂದೆ ಹೇಳುತ್ತೇನೆ), ಅಡಿಬರಹ, ಸುತ್ತಲಿನ ಬರಹ ಎಲ್ಲವನ್ನೂ ನೋಡುತ್ತದೆ. ಇದರಲ್ಲಿ ಹೆಸರಿನ ತೂಕ ಕಡಿಮೆ, ಆದರೆ ಪುಕ್ಕಟೆ ಕೆಲಸ. ಇಂಗ್ಲಿಷ್ ಅಕ್ಷರಗಳಲ್ಲಿ 'ಅಪ್ಪೆಮಿಡಿ-ಉಪ್ಪಿನಕಾಯಿ-ಭರಣಿ' ಎಂಬಂತೆ, ಪದಗಳ ನಡುವೆ ಅಡ್ಡಗೆರೆ ಕೊಟ್ಟು ಇಟ್ಟೆ. ಆಗಲೇ ಸೈಟಿನಲ್ಲಿದ್ದು ಉಳಿಸಿಕೊಂಡ ಚಿತ್ರಗಳ ಹೆಸರು ಮಾತ್ರ ಬದಲಿಸಲಿಲ್ಲ. ಹೆಸರು ಬದಲಾದರೆ ವಿಳಾಸವೂ ಬದಲಾಗುತ್ತದೆ, ಗೂಗಲ್ ಹಳೆಯದನ್ನು ಬಿಟ್ಟು ಹೊಸದನ್ನು ಹುಡುಕಿಕೊಳ್ಳಲು ಸಮಯ ಹಿಡಿಯುತ್ತದೆ.

ಆಲ್ಟ್ ಪಠ್ಯಕ್ಕೇ ಹೆಚ್ಚು ಹೊತ್ತು ಕೊಟ್ಟೆ. ಚಿತ್ರ ಕಾಣದವರಿಗೆ ಅದನ್ನು ಮಾತಿನಲ್ಲಿ ಹೇಳುವ ಸಾಲು ಅದು. ಕಣ್ಣು ಕಾಣದವರ ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಅದನ್ನು ಓದಿ ಹೇಳುತ್ತದೆ, ಕಂಪ್ಯೂಟರಿನಲ್ಲಿ ಎನ್‌ವಿಡಿಎಯಂಥ ತಂತ್ರಾಂಶ ಓದುತ್ತದೆ, ನೆಟ್‌ವರ್ಕ್ ಕೈಕೊಟ್ಟು ಚಿತ್ರ ತೆರೆಯದಿದ್ದಾಗ ಅದರ ಜಾಗದಲ್ಲಿ ಕಾಣುವುದೂ ಅದೇ. ಹಳೆಯ ಸೈಟಿನಲ್ಲಿ ಪ್ರತಿ ಚಿತ್ರಕ್ಕೂ 'ಶಿರಸಿ ಹೋಮ್‌ಸ್ಟೇ ಯಾಣ ಹೋಮ್‌ಸ್ಟೇ ಬೆಸ್ಟ್ ಹೋಮ್‌ಸ್ಟೇ' ಎಂದು ಒಂದೇ ಮಂತ್ರ ತುಂಬಿದ್ದರು. ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ ಪುಟ ಕೇಳಿದೆ. ಬೇಸರ ತರಿಸುವ ಜಪ. ಹೀಗೆ ಹುಡುಕುಪದ ತುರುಕಬೇಡಿ, ಪುಟ ಸ್ಪ್ಯಾಮ್ ಅನಿಸಿಕೊಳ್ಳಬಹುದು ಎಂದು ಗೂಗಲ್ ಕೂಡ ಸ್ಪಷ್ಟವಾಗಿ ಹೇಳುತ್ತದೆ.

ಈಗ ಬಚ್ಚಲಿನ ಚಿತ್ರಕ್ಕೆ ಇರುವ ಸಾಲು: 'ತಾಮ್ರದ ಹಂಡೆ, ಕಟ್ಟಿಗೆ ಒಲೆ ಇರುವ ಬಚ್ಚಲು, ನೆಲಕ್ಕೆ ಜಾರದ ಕಲ್ಲುಹಾಸು'. ಮೆಟ್ಟಿಲಿಗೆ: 'ಅಂಗಳದಿಂದ ಜಗಲಿಗೆ ನಾಲ್ಕು ಮೆಟ್ಟಿಲು, ಬಲಗಡೆ ಹಿಡಿಕೆ ಇದೆ'. 'ಇದು ಮೆಟ್ಟಿಲಿನ ಫೋಟೋ' ಎಂದು ಶುರುಮಾಡುವುದು ದಂಡ, ಚಿತ್ರ ಎನ್ನುವುದನ್ನು ಓದುವ ತಂತ್ರಾಂಶವೇ ಹೇಳುತ್ತದೆ. ಕನ್ನಡ ಪುಟದ ಚಿತ್ರಕ್ಕೆ ಕನ್ನಡದಲ್ಲಿ, ಇಂಗ್ಲಿಷ್ ಪುಟದ್ದಕ್ಕೆ ಇಂಗ್ಲಿಷಿನಲ್ಲಿ ಬರೆದೆ. ಅಂಚಿನ ಹೂಬಳ್ಳಿಯಂಥ ಬರೀ ಅಲಂಕಾರಕ್ಕೆ ಆಲ್ಟ್ ಇಟ್ಟು, ಒಳಗೆ ಖಾಲಿ ಬಿಟ್ಟೆ. ಆಗ ಓದುವ ತಂತ್ರಾಂಶ ಅದನ್ನು ದಾಟಿ ಮುಂದೆ ಹೋಗುತ್ತದೆ.

ದರಪಟ್ಟಿ ಇನ್ನೊಂದು ರಗಳೆ. ಡಿಟಿಪಿ ಅಂಗಡಿಯಲ್ಲಿ ನುಡಿ ಫಾಂಟಿನಲ್ಲಿ ಮಾಡಿಸಿದ ಪೋಸ್ಟರನ್ನು ಹಾಗೆಯೇ ಜೆಪಿಇಜಿ ಮಾಡಿ ಏರಿಸಿದ್ದರು. ಹಳೆಯ ಫಾಂಟಿನ ಕನ್ನಡ ವೆಬ್‌ನಲ್ಲಿ ಕೆಡುತ್ತದೆ ಎಂದು ಒಂದು ಕಾಲದಲ್ಲಿ ಎಲ್ಲರೂ ಬರಹವನ್ನು ಚಿತ್ರವಾಗಿಸುತ್ತಿದ್ದರು. ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರ ಬಂದ ಮೇಲೂ ಚಾಳಿ ಬಿಟ್ಟಿಲ್ಲ. ಫೋನಿನಲ್ಲಿ ಅದನ್ನು ಓದಬೇಕಾದರೆ ಬೆರಳಿನಿಂದ ಹಿಗ್ಗಿಸಿ ಅತ್ತಿತ್ತ ಎಳೆದಾಡಬೇಕು. ನೇರವಾಗಿ ನಕಲು ಮಾಡಿಕೊಳ್ಳಲು ಬರುವುದಿಲ್ಲ, ಪುಟದ ಜೊತೆಗೆ ಅನುವಾದವಾಗುವುದಿಲ್ಲ, ಫೋನ್ ನಂಬರ್ ಒತ್ತಿದರೆ ಕರೆ ಹೋಗುವುದಿಲ್ಲ. ಪೂರ್ತಿ ತೆಗೆದು ಯೂನಿಕೋಡಿನಲ್ಲಿ ಟೈಪ್ ಮಾಡಿದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಪ್ರಯೋಜನ ಆದದ್ದು ಇದರಿಂದಲೇ ಎಂದು ನನ್ನ ಲೆಕ್ಕ. ಚಿತ್ರ ಚೆನ್ನಾಗಿ ಬಳಸುವುದೆಂದರೆ ಎಲ್ಲಿ ಬೇಡ ಎಂದು ತಿಳಿಯುವುದೂ ಸೇರಿತು.

ಫೈಲಿನ ತೂಕದ ವಿಚಾರ ನಮ್ಮ ಘಟ್ಟದವರಿಗೆ ಬೇರೆ ಹೇಳಬೇಕಿಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವ ಅತಿಥಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ನಮ್ಮ ಸೈಟ್ ತೆರೆದು ದಾರಿ ಹುಡುಕುತ್ತಿರುತ್ತಾನೆ. ಫೋನ್ ಕ್ಯಾಮೆರಾದ 12 ಮೆಗಾಪಿಕ್ಸೆಲ್ ಫೋಟೋ 4000 ಪಿಕ್ಸೆಲ್ ಅಗಲ, ಒಂದೊಂದೂ ನಾಲ್ಕೈದು ಎಂಬಿ ಆಗುವುದುಂಟು. ಅಷ್ಟು ಅಗಲ ಯಾವ ಫೋನಿನ ಪರದೆಗೂ ಬೇಡ. ದೊಡ್ಡ ಚಿತ್ರಗಳನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಸ್ಕ್ವೂಶ್ ಎಂಬ ಉಚಿತ ಸಾಧನದಲ್ಲಿ ವೆಬ್‌ಪಿ ಎಂಬ ಬಗೆಯ ಚಿತ್ರ ಫೈಲ್ ಮಾಡಿದೆ. ಬ್ರೌಸರಿನಲ್ಲೇ ನಡೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಗೂಗಲ್ 2010ರಲ್ಲಿ ತಂದ ವೆಬ್‌ಪಿ, ಅದೇ ಗುಣಮಟ್ಟದ ಜೆಪಿಇಜಿಗಿಂತ ಶೇ 25ರಿಂದ 34ರಷ್ಟು ಚಿಕ್ಕದಾಗುತ್ತದೆ ಎಂಬುದು ಅವರದೇ ಅಂಕಿ. ಚಿಕ್ಕ ಪರದೆಗೆಂದು ಇನ್ನೂ ಕಿರಿದಾದ ಪ್ರತಿಯನ್ನು, ಒಂದೇ ಚಿತ್ರದ ಹಲವು ಅಳತೆಗಳನ್ನು ಪಟ್ಟಿಮಾಡುವ ಎಸ್‌ಆರ್‌ಸಿಸೆಟ್‌ನಲ್ಲಿ ಕೊಟ್ಟೆ. ಯಾವುದು ಬೇಕೋ ಬ್ರೌಸರೇ ಆರಿಸಿಕೊಳ್ಳುತ್ತದೆ.

ಇಲ್ಲೊಂದು ಮಾತು: ವಾಟ್ಸಾಪ್‌ನಲ್ಲಿ ಬಂದ ಫೋಟೋದಿಂದ ಈ ಕೆಲಸ ಶುರುಮಾಡಬೇಡಿ. ಅದು ಮೊದಲೇ ಒಮ್ಮೆ ಹಿಂಡಿ ಕಳಿಸಿರುತ್ತದೆ, ಮತ್ತೆ ಹಿಂಡಿದರೆ ಅಡಿಕೆ ಸಿಪ್ಪೆಯ ಗೆರೆಯೆಲ್ಲ ಕಲಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಫೈಲೇ ಬರುತ್ತದೆ. ಹಾಗೆ ಬಂದ ಮೂಲದೊಳಗೆ ಜಿಪಿಎಸ್ ಜಾಗವೂ ಸೇರಿರಬಹುದು. ಹೋಮ್‌ಸ್ಟೇಗೆ ಚಿಂತೆಯಿಲ್ಲ, ಮನೆಮಂದಿ ಇರುವ ಬೇರೆ ಚಿತ್ರಗಳಿಂದ ಅದನ್ನು ತೆಗೆದೇ ಹಾಕಿದೆ.

ಮೊದಲ ಪರದೆಯ ದೊಡ್ಡ ಚಿತ್ರವನ್ನು ಸಿಎಸ್‌ಎಸ್ (ಪುಟದ ರೂಪ ಹೇಳುವ ಸಂಕೇತ) ಹಿನ್ನೆಲೆಯಾಗಿ ಇಟ್ಟಿದ್ದರು. ಅಂಥ ಹಿನ್ನೆಲೆಯನ್ನು ಗೂಗಲ್ ಚಿತ್ರಹುಡುಕಾಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಸ್ಲೈಡ್‌ಶೋ ಕಿತ್ತುಹಾಕಿ ಮನೆಯ ಮುಂಭಾಗದ ಒಂದೇ ಚಿತ್ರವನ್ನು ಚಿತ್ರ ಹಾಕುವ ಮಾಮೂಲಿ ಐಎಂಜಿ ಟ್ಯಾಗಿನಲ್ಲಿ ಕೂರಿಸಿದೆ. ಕೆಳಗಿನ ಚಿತ್ರಗಳಿಗೆಲ್ಲ ಲೇಜಿ ಲೋಡಿಂಗ್ (ಓದುಗರು ಹತ್ತಿರ ಬಂದಾಗಷ್ಟೇ ತೆರೆಯುವ ಏರ್ಪಾಡು) ಕೊಟ್ಟೆ, ಮೇಲಿನದಕ್ಕೆ ಕೊಡಲಿಲ್ಲ. ಕೊಟ್ಟರೆ ಎಲ್ಲಕ್ಕಿಂತ ಮೊದಲು ಬೇಕಾದದ್ದೇ ತಡವಾಗುತ್ತದೆ. ಪುಟದ ಮುಖ್ಯ ಅಂಶ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್‌ನ ಅಳತೆ. ಪ್ರತಿ ಚಿತ್ರಕ್ಕೂ ಅಗಲ, ಎತ್ತರ ನಮೂದಿಸಿದೆ. ಇದಿಲ್ಲದಿದ್ದಾಗ ಏನಾಗುತ್ತಿತ್ತೆಂದರೆ, ಕರೆಯ ಗುಂಡಿ ಒತ್ತಲು ಹೆಬ್ಬೆರಳು ಇಳಿಸುವಷ್ಟರಲ್ಲಿ ಮೇಲೊಂದು ಚಿತ್ರ ತೆರೆದುಕೊಂಡು ಗುಂಡಿ ಕೆಳಗೆ ಜಾರುತ್ತಿತ್ತು, ಬೆರಳು ಉಪ್ಪಿನಕಾಯಿಯ ಮೇಲೆ ಬೀಳುತ್ತಿತ್ತು.

ಅಡಿಬರಹದಲ್ಲಿ ನಾನು ಪಟ್ಟುಹಿಡಿದದ್ದು ತಿಂಗಳ ಹೆಸರಿಗೆ. ಉಂಚಳ್ಳಿಯನ್ನು ಮಳೆಗಾಲದ ಅಬ್ಬರದಲ್ಲಿ ತೋರಿಸಿ ಮಾರ್ಚಿನಲ್ಲಿ ಬಂದವರಿಗೆ ತೆಳ್ಳಗಿನ ಧಾರೆ ಸಿಕ್ಕರೆ ಬೈಗುಳ ಚಿಕ್ಕಪ್ಪನಿಗೆ. ಸಹಸ್ರಲಿಂಗದಲ್ಲಿ ಇದು ತಿರುಗುಮುರುಗು: ಶಾಲ್ಮಲೆ ಹೊಳೆಯ ನೀರು ಇಳಿದ ಮೇಲೇ ಕಲ್ಲಿನ ಲಿಂಗಗಳು ಕಾಣುವುದು, ಮಳೆಗಾಲದಲ್ಲಿ ಹೋದವರು ಕೆಂಪು ನೀರು ನೋಡಿ ಬರುತ್ತಾರೆ. ಅದಕ್ಕೇ ಅವೆರಡನ್ನೂ ನಾವೇ ಎರಡೆರಡು ಕಾಲದಲ್ಲಿ ತೆಗೆದು, ಅಕ್ಕಪಕ್ಕ ಇಟ್ಟು, ಕೆಳಗೆ 'ಆಗಸ್ಟ್', 'ಫೆಬ್ರವರಿ' ಎಂದು ಬರೆದೆವು.

ಫಲ ನೋಡುವುದು ಸೈಟ್ ನಡೆಸುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ. ಪರ್ಫಾರ್ಮೆನ್ಸ್ ವರದಿಯಲ್ಲಿ ಹುಡುಕಾಟದ ಬಗೆಯನ್ನು 'ಇಮೇಜ್' ಎಂದು ಬದಲಿಸಿದರೆ ಯಾವ ಪದ ಹುಡುಕಿದವರಿಗೆ ನಮ್ಮ ಚಿತ್ರ ಕಂಡಿತು, ಎಷ್ಟು ಸಲ ಒತ್ತಿ ಒಳಗೆ ಬಂದರು ಎಂಬುದು ಬೇರೆಯಾಗಿ ಸಿಗುತ್ತದೆ. ವಾರದೊಳಗೆ ಬದಲಾವಣೆ ನಿರೀಕ್ಷಿಸಬೇಡಿ. ನಮ್ಮಲ್ಲಿ ಒಂದು ಮಳೆಗಾಲ ಕಳೆಯಿತು. ಜನರನ್ನು ಕರೆತಂದದ್ದು ತೊಡೆದೇವಿನ ಚಿತ್ರ. ಬೆಂಕಿಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ ಚಿಕ್ಕಮ್ಮ ಬಟ್ಟೆ ಸುತ್ತಿದ ಕೋಲಿನಿಂದ ಹಿಟ್ಟು ಬಳಿಯುತ್ತಿರುವುದು. ಅಡಿಬರಹದಲ್ಲಿ ಕಬ್ಬಿನ ಹಾಲು, ಅಕ್ಕಿ, ಮಡಕೆ ಎಲ್ಲವೂ ಇತ್ತು. ಹುಡುಕುವವರು ಟೈಪ್ ಮಾಡುವುದೂ ಅವೇ ಪದಗಳನ್ನು. ಅವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಕೋಣೆಯಲ್ಲ, ತಿಂಡಿ. ಹಾಗಾಗಿ ಆ ಚಿತ್ರದ ಕೆಳಗೆ ಅಂಚೆಯಲ್ಲಿ ತರಿಸಿಕೊಳ್ಳುವ ವಿವರ, ಅದರ ಕೆಳಗೆ 'ಮಾಡುವುದನ್ನು ನೋಡಬೇಕಿದ್ದರೆ ಒಂದು ದಿನ ಮುಂಚೆ ತಿಳಿಸಿ' ಎಂಬ ಸಾಲು ಸೇರಿಸಿದೆ. ಬುಕಿಂಗ್ ಕೊಂಡಿ ಆ ಸಾಲಿನಲ್ಲೇ ಇದೆ.