ಹಳೇ ಮದುವೆ ಕಾಗದದಲ್ಲಿ ಕ್ರಿಸ್‌ಮಸ್ ನಕ್ಷತ್ರ

ಮನೆಯಲ್ಲೇ ಮಾಡಿದ ಕ್ರಿಸ್‌ಮಸ್ ನಕ್ಷತ್ರಗಳು ಹೆಚ್ಚಾಗಿ ಚಪ್ಪಟೆಯಾಗಿಯೇ ಉಳಿಯುತ್ತವೆ. ಇಲ್ಲವೇ ನಟ್ಟನಡುವೆ ಸುಕ್ಕುಗಟ್ಟುತ್ತವೆ. ಎಲ್ಲರೂ ಚೆನ್ನಾಗಿಯೇ ಕತ್ತರಿಸುತ್ತಾರೆ, ಎಡವುವುದು ಮಡಿಸುವಾಗ. ಅದೊಂದು ಸರಿಯಾದರೆ ಅಂಗಡಿಯ ನಕ್ಷತ್ರ ಬೇಕಾಗುವುದೇ ಇಲ್ಲ.

ಇದಕ್ಕೆ ಹಳೇ ಮದುವೆ ಕಾಗದದಷ್ಟು ಒಳ್ಳೆಯ ರಟ್ಟು ಬೇರೆ ಇಲ್ಲ. ಗಟ್ಟಿಯಾಗಿರುತ್ತದೆ, ಬಣ್ಣ ಇರುತ್ತದೆ, ಎಷ್ಟೋ ಸಲ ಬಂಗಾರದ ಅಚ್ಚೂ ಇರುತ್ತದೆ. ದೇವರ ಚಿತ್ರವಿರುವ ಭಾಗವನ್ನು ಮೊದಲೇ ಕತ್ತರಿಸಿ ಎತ್ತಿಡಿ, ಅದನ್ನು ಮಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಮದುವೆ ಕಾಗದ ಸಿಗದಿದ್ದರೆ ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು ಆಗುತ್ತದೆ. ಥರ್ಮಾಕೋಲ್ ಮಾತ್ರ ಬೇಡ. ಮಡಿಸಲು ಬರುವುದಿಲ್ಲ, ಪುಡಿಯಾಗಿ ಮನೆಯೆಲ್ಲ ಹಾರುತ್ತದೆ.

ರಟ್ಟಿನ ಹಿಂಬದಿಯಲ್ಲಿ ಕೈವಾರದಿಂದ 8 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಈಗ ಕೈವಾರವನ್ನು 9.4 ಸೆಂ.ಮೀ.ಗೆ ಅಗಲಿಸಿ, ವೃತ್ತದ ಮೇಲೆ ಗುರುತು ಹಾಕುತ್ತಾ ಹೋದರೆ ಐದು ಚುಕ್ಕಿ ಸಮನಾಗಿ ಬೀಳುತ್ತವೆ. ಒಂದು ಬಿಟ್ಟು ಒಂದು ಚುಕ್ಕಿ ಸೇರಿಸಿದರೆ ನಕ್ಷತ್ರ ಸಿದ್ಧ. ಪ್ರತಿ ತುದಿಯಿಂದ ನಡುಬಿಂದುವಿನ ಮೂಲಕ ಎದುರಿನ ಸಂದಿಯವರೆಗೆ ಗೆರೆ ಎಳೆದು, ಅಂಚಿನ ಗುಂಟ ಕತ್ತರಿಸಿ.

ಇಲ್ಲಿಂದ ನಿಧಾನಿಸಿ. ಈ ಐದು ಗೆರೆಗಳನ್ನು ನೇರವಾಗಿ ಇಡಿಯಾಗಿ ಮಡಿಸಿಬಿಡುವುದೇ ಎಲ್ಲರೂ ಮಾಡುವ ತಪ್ಪು. ಪ್ರತಿ ಗೆರೆಯಲ್ಲೂ ಎರಡು ತುಂಡುಗಳಿವೆ. ತುದಿಯಿಂದ ನಡುವಿನವರೆಗಿನ ಉದ್ದ ತುಂಡು ಉಬ್ಬಬೇಕು. ನಡುವಿನಿಂದ ಸಂದಿಯವರೆಗಿನ ಗಿಡ್ಡ ತುಂಡು ತಗ್ಗಬೇಕು. ಇಡೀ ಗೆರೆಯನ್ನು ಒಂದೇ ಕಡೆಗೆ ಮಡಿಸಿದರೆ ಗಿಡ್ಡ ತುಂಡನ್ನು ಮತ್ತೆ ತಿರುಗಿಸಬೇಕಾಗುತ್ತದೆ. ಆಗಲೇ ರಟ್ಟು ಬಿಳಿಯಾಗಿ ಸೀಳುವುದು.

ಅದಕ್ಕೇ ಮೊದಲು ಗೀರು ಹಾಕಿಕೊಳ್ಳಬೇಕು. ಇಂಕು ಮುಗಿದ ಬಾಲ್‌ಪೆನ್ ಸಾಕು, ಬ್ಲೇಡು ಬೇಡ. ಗಿಡ್ಡ ತುಂಡುಗಳಿಗೆ ಹಿಂಬದಿಯಲ್ಲೇ, ಸ್ಕೇಲ್ ಇಟ್ಟು ಒತ್ತಿ ಗೀರಿ. ನಡುಬಿಂದುವಿಗೆ ಗುಂಡುಸೂಜಿಯಿಂದ ಒಂದು ತೂತು ಮಾಡಿ ರಟ್ಟನ್ನು ತಿರುಗಿಸಿ. ಈಗ ಮುಂಬದಿಯಲ್ಲಿ ತುದಿಯಿಂದ ತೂತಿನವರೆಗೆ ಉದ್ದ ತುಂಡುಗಳನ್ನು ಗೀರಿ. ತೂತು ದಾಟಬೇಡಿ. ಯಾವ ಬದಿಗೆ ಗೀರು ಬಿದ್ದಿದೆಯೋ ಆ ಬದಿ ಮಡಿಕೆಯ ಹೊರಗೆ ಬರಬೇಕು, ಇಷ್ಟು ನೆನಪಿಟ್ಟರೆ ಸಾಕು. ಆಮೇಲೆ ಒಂದೊಂದೇ ತುದಿಯನ್ನು ಎರಡು ಬೆರಳಲ್ಲಿ ಚಿವುಟಿ ಏಣು ಎಬ್ಬಿಸಿ. ಐದೂ ಆದ ಮೇಲೆ ಸಂದಿಗಳನ್ನು ಸುತ್ತಲಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ನಡುಭಾಗ ತಾನಾಗೇ ಉಬ್ಬಿ ನಿಲ್ಲುತ್ತದೆ. ಆತುರದಲ್ಲಿ ಹೆಬ್ಬೆರಳಿನಿಂದ ನಡುವನ್ನು ಒತ್ತಿದರೆ ಕೆಟ್ಟುಹೋಗುತ್ತದೆ.

ತೂಗುಹಾಕಲು ತುದಿಯಿಂದ ಸ್ವಲ್ಪ ಕೆಳಗೆ ಸೂಜಿ ಚುಚ್ಚಿ ಹೊಲಿಗೆ ದಾರ ಪೋಣಿಸಿ. ಸೆಲ್ಲೋಟೇಪು ಎರಡೇ ದಿನಕ್ಕೆ ಬಿಡುತ್ತದೆ. ಮಿನುಗು ಪುಡಿ ಉದುರಿಸುವ ಆಸೆ ಬೇಡ. ಅದು ಪ್ಲಾಸ್ಟಿಕ್, ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಗೂ ಬೀಳುತ್ತದೆ. ಮಿನುಗಲೇಬೇಕು ಅಂದರೆ ಚಿಪ್ಸ್ ಪೊಟ್ಟಣವನ್ನು ತೊಳೆದು, ಬೆಳ್ಳಿ ಬಣ್ಣದ ಒಳಮೈಯಿಂದ ಸಣ್ಣ ಪಟ್ಟಿ ಕತ್ತರಿಸಿ, ಏಣಿನ ಗುಂಟ ಚೂರೇ ಚೂರು ಅಂಟು ಸವರಿ ಅಂಟಿಸಿ. ಜಾಸ್ತಿ ಅಂಟು ಹಾಕಿದರೆ ರಟ್ಟು ಬಾಗುತ್ತದೆ.

ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಗುಡ್ಡ ಬೇಕಿದ್ದರೆ ಖಾಲಿ ಸಿಮೆಂಟ್ ಚೀಲದ ಕಾಗದ ಮುದ್ದೆ ಮಾಡಿ ಬಿಡಿಸಿದರೆ ಆಯಿತು. ಹುಲ್ಲಿಗೆ ಐಸ್‌ಕ್ರೀಂ ಡಬ್ಬದ ಮುಚ್ಚಳದಲ್ಲಿ ಒದ್ದೆ ತೆಂಗಿನ ನಾರು ಹರಡಿ, ಡಿಸೆಂಬರ್ 14ರ ಸುಮಾರಿಗೆ ರಾಗಿ ಚೆಲ್ಲಿ. ಹಬ್ಬದ ಹೊತ್ತಿಗೆ ಹಸಿರಾಗಿರುತ್ತದೆ.

ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಹಬ್ಬ ಜನವರಿ 6ಕ್ಕೆ ಮುಗಿದ ಮೇಲೆ ನಕ್ಷತ್ರಗಳನ್ನು ಬಿಸಾಡಬೇಡಿ. ಅದೇ ಮಡಿಕೆಗಳಲ್ಲಿ ಹಿಂಡಿ ಮುಚ್ಚಿ, ಒಂದರ ಪಕ್ಕ ಒಂದನ್ನು ಬೂಟಿನ ಡಬ್ಬದಲ್ಲಿ ಜೋಡಿಸಿಡಿ. ಮೇಲೆ ಭಾರ ಇಡಬೇಡಿ.